ನೂಲು ಹಿಡಿದು ಟೊರಾಂಟೊ ಅಳೆದದ್ದು

ಮಂಗಳೂರಿನಿಂದ ಟೊರಾಂಟೊಗೆ ಎಷ್ಟು ಗಂಟೆ ಎಂದು ಯಾರಾದರೂ ಕೇಳಿದರೆ ನಾನೀಗ ಮೊಬೈಲ್ ಮುಟ್ಟುವುದಿಲ್ಲ. ನನ್ನ ಟಿಕೆಟ್ ಅಂಗಡಿಯ ಮೇಜಿನ ಮೇಲೆ ಗ್ಲೋಬ್ ಇದೆ, ಡ್ರಾಯರಿನಲ್ಲಿ ನೂಲಿದೆ. ಹಂಪನಕಟ್ಟೆಯಲ್ಲಿ ಟಿಕೆಟ್ ಮಾಡುವ ಗೆಳೆಯರು ಇದನ್ನು ನೋಡಿ ನಕ್ಕಿದ್ದರು. ನಮ್ಮ ಭಾವನವರಂತೂ "ಎಂತ ಮಾರಾಯ, ಮಕ್ಕಳಾಟ ಶುರು ಮಾಡಿದ್ದೀಯಾ?" ಅಂದಿದ್ದರು. ಈಗ ಬಜ್ಪೆ ವಿಮಾನ ನಿಲ್ದಾಣಕ್ಕೆ ಕಾರು ಬಿಡುವವರೂ ನನಗೇ ಫೋನ್ ಮಾಡುತ್ತಾರೆ.

ಮೊದಲು ಗೋಡೆಯ ನಕ್ಷೆ ಮೇಲೆ ಸ್ಕೇಲ್ ಇಟ್ಟೆ. ಗೆರೆ ಆಫ್ರಿಕಾದ ಮೇಲೆ ಹಾದು ಅಟ್ಲಾಂಟಿಕ್ ದಾಟಿತು. ದೂರ 17,000 ಕಿ.ಮೀ. ಮೇಲೆ ಬಂತು, ಪೂರಾ ಸುಳ್ಳು. ದುಂಡು ಭೂಮಿಯನ್ನು ಚಪ್ಪಟೆ ಮಾಡಿದ ನಕ್ಷೆಯಲ್ವಾ! ಆಮೇಲೆ ಎಕ್ಸೆಲ್‌ನಲ್ಲಿ ಅಕ್ಷಾಂಶ, ರೇಖಾಂಶ ಹಾಕಿ ಲೆಕ್ಕ ಮಾಡಿದೆ. ಅದಕ್ಕೆ ಡಿಗ್ರಿ ಆಗುವುದಿಲ್ಲ, ರೇಡಿಯನ್ (ಕೋನ ಅಳೆಯುವ ಇನ್ನೊಂದು ಮಾನ) ಮಾಡಿ ಕೊಡಬೇಕು. ಇಲ್ಲದಿದ್ದರೆ ಟೊರಾಂಟೊ ದುಬೈ ಪಕ್ಕದಲ್ಲೇ ಬಂದು ಕೂರಬಹುದು! ನಡುವೆ ಒಂದು ಚಕ್ಕೋತ ಹಣ್ಣಿನ ಮೇಲೂ ಪೆನ್ನಿನಿಂದ ಊರು ಗುರುತಿಸಿ ನೋಡಿದೆ. ಲೆಕ್ಕ ಸಿಗಲಿಲ್ಲ, ಹಣ್ಣು ಚೆನ್ನಾಗಿತ್ತು.

ಕೊನೆಗೆ ಸಾವಿರ ಚಿಲ್ಲರೆ ಕೊಟ್ಟು 30 ಸೆಂ.ಮೀ. ಗ್ಲೋಬ್ ತಂದೆ. ಭೂಮಧ್ಯರೇಖೆಗೆ ಒಂದು ಸುತ್ತು ನೂಲು ಅಂದರೆ 40,000 ಕಿ.ಮೀ., ಸೆಂಟಿಮೀಟರಿಗೆ 425 ಕಿ.ಮೀ. ಮಂಗಳೂರಿನಿಂದ ಟೊರಾಂಟೊಗೆ ನೂಲನ್ನು ಬಿಗಿಯಾಗಿ ಎಳೆದರೆ ಅದೇ ಅತಿ ಗಿಡ್ಡ ದಾರಿ, ಅದು ನಾರ್ವೆ, ಗ್ರೀನ್‌ಲ್ಯಾಂಡ್ ಕಡೆ ಏರಿ ಇಳಿಯುತ್ತದೆ. 31 ಸೆಂ.ಮೀ., ಅಂದರೆ ಸುಮಾರು 13,200 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲೆ ಹಾರಿ ಬಂದದ್ದು ಇದೇ ಲೆಕ್ಕದಲ್ಲಿ. ಆ ಎರಡು ಊರುಗಳ ನಡುವಿನ ಅತಿ ಗಿಡ್ಡ ದಾರಿ ಸುಮಾರು 14,000 ಕಿ.ಮೀ.

ಸಮಯಕ್ಕೆ ನನ್ನ ಸೂತ್ರ ಸುಲಭ. ದೂರವನ್ನು 850ರಿಂದ (ವಿಮಾನದ ವೇಗ, ಗಂಟೆಗೆ ಕಿ.ಮೀ.) ಭಾಗಿಸಿ, ಏರಲು ಇಳಿಯಲು 40 ನಿಮಿಷ ಸೇರಿಸಿ. ದುಬೈ ಮೂಲಕ ಹೋದರೆ, ಮಂಗಳೂರಿನಿಂದ ದುಬೈ 2,450 ಕಿ.ಮೀ., ಮೂರೂವರೆ ಗಂಟೆ. ಅಲ್ಲಿಂದ ಟೊರಾಂಟೊ 11,100, ಹದಿನಾಲ್ಕು ಗಂಟೆಗೆ ಹತ್ತಿರ. ಬರುವಾಗ ಬೆನ್ನಿಗೆ ಗಾಳಿ, ಒಂದು ಗಂಟೆ ಕಡಿಮೆ. ಚಳಿಗಾಲದಲ್ಲಿ ಈ ಗಾಳಿಗೆ ಎಷ್ಟು ಕಳೆಯಬೇಕು, ಎಷ್ಟು ಕೂಡಿಸಬೇಕು ಅನ್ನುವುದು ನನ್ನ ಅಂಗಡಿಯ ಗುಟ್ಟು. ಅದನ್ನು ಮಾತ್ರ ಕೇಳಬೇಡಿ.

ಹಣ ಉಳಿದದ್ದು ಬೇರೆ ಕಡೆ. ದುಬೈ ಸುತ್ತು ದಾರಿ ಅಂತ ಎಲ್ಲರೂ ಹೇಳುತ್ತಿದ್ದರು. ನೂಲು ಇಟ್ಟು ನೋಡಿದರೆ ಜಾಸ್ತಿ ಆಗುವುದು ಮುನ್ನೂರೈವತ್ತು ಕಿ.ಮೀ. ಅಷ್ಟೇ. ಅರ್ಧ ಗಂಟೆಯೂ ಇಲ್ಲ! ದೆಹಲಿ ದಾರಿ ಇನ್ನೂ ಗಿಡ್ಡ ನಿಜ. ಆದರೆ 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಪಾಕಿಸ್ತಾನದ ಆಕಾಶ ಬಂದ್ ಆದಾಗ ಆ ನೂಲನ್ನು ಬಗ್ಗಿಸಿ ಅಳೆಯಬೇಕಾಯಿತು. ಕುಂದಾಪುರದ ಒಂದು ಮನೆಯವರು ಬೇರೆ ಕಡೆ ಎರಡು ವಿಮಾನಕ್ಕೆ ಬೇರೆ ಬೇರೆ ಬುಕಿಂಗ್ ನಂಬರ್, ಅಂದರೆ ಪಿಎನ್‌ಆರ್ ಮಾಡಿಸಿ, ನಡುವೆ ಒಂದೂವರೆ ಗಂಟೆ ಮಾತ್ರ ಇಟ್ಟುಕೊಂಡು, ಎರಡನೇ ವಿಮಾನ ತಪ್ಪಿಸಿಕೊಂಡರು. ಹೊಸ ಟಿಕೆಟ್‌ಗೆ ಅರವತ್ತು ಸಾವಿರದ ಹತ್ತಿರ ಹೋಯಿತು. ಮುಂದಿನ ಸಲ ನನ್ನ ಹತ್ತಿರ ಬಂದರು. ನಾಲ್ಕು ಗಂಟೆ ಬಿಡುವು ಇಟ್ಟು ಒಂದೇ ಪಿಎನ್‌ಆರ್‌ನಲ್ಲಿ ಕಳಿಸಿದೆ. ಬಾಗಿಲಿಂದ ಬಾಗಿಲಿಗೆ ಇಪ್ಪತ್ತೇಳು ಗಂಟೆ ಅಂದಿದ್ದೆ, ಇಪ್ಪತ್ತೇಳೂವರೆಗೆ ಮಗನ ಮನೆಯಿಂದ ಫೋನ್ ಬಂತು. ಆವತ್ತು ಭಾವನವರು ಅಂಗಡಿಯಲ್ಲೇ ಇದ್ದರು.