ಸಿಸ್ಟಮ್ ಸ್ಲೋ ಆಗಿದೆ ಅನ್ನುವ ಮುಂಚೆ

ನಾನು ಕಂಪ್ಯೂಟರ್ ಓದಿದವಳಲ್ಲ. ಲೆಕ್ಕಪತ್ರ ವಿಭಾಗದಲ್ಲಿ ಕೂತು ದಿನವಿಡೀ ಎಕ್ಸೆಲ್ ನೋಡುವವಳು. ಆದರೂ ಅಕ್ಕಪಕ್ಕದವರ ಸಿಸ್ಟಮ್ ಹ್ಯಾಂಗ್ ಆದರೆ ಮೊದಲ ಕರೆ ನನಗೇ ಬರುತ್ತದೆ. ಐಟಿಯವರು ಬರುವಷ್ಟರಲ್ಲಿ ಸಂಜೆಯಾಗುತ್ತದೆ, ಅದಕ್ಕೆ. ಹೀಗೆ ನೋಡಿ ನೋಡಿ ಒಂದು ವಿಷಯ ಗೊತ್ತಾಗಿದೆ. 'ಹಳೇ ಡಬ್ಬ' ಅಂತ ಬೈಸಿಕೊಳ್ಳುವ ಎಷ್ಟೋ ಯಂತ್ರಗಳು ಚೆನ್ನಾಗಿಯೇ ಇರುತ್ತವೆ. ಒಳಗೆ ಏನು ಓಡುತ್ತಿದೆ, ಏನು ತುಂಬಿಕೊಂಡಿದೆ ಅಂತ ಯಾರೂ ಇಣುಕಿರುವುದಿಲ್ಲ, ಅಷ್ಟೆ. ಇಲ್ಲಿ ಬರೆದಿರುವುದು ವಿಂಡೋಸ್ ಬಳಸುವವರಿಗೆ. ಮ್ಯಾಕ್‌ನಲ್ಲಿ ಮೆನುಗಳ ಹೆಸರು ಬೇರೆ, ಕೆಲಸ ಹೆಚ್ಚುಕಡಿಮೆ ಇದೇ.

ನಾನು ಕೇಳುವ ಮೊದಲ ಪ್ರಶ್ನೆ: ರೀಸ್ಟಾರ್ಟ್ ಮಾಡಿ ಎಷ್ಟು ದಿನ ಆಯಿತು? 'ದಿನಾ ಸಂಜೆ ಶಟ್‌ಡೌನ್ ಮಾಡ್ತೀನಲ್ಲ ಮೇಡಂ' ಅನ್ನುತ್ತಾರೆ. ಎರಡೂ ಒಂದೇ ಅಲ್ಲ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಸೌಲಭ್ಯ ಇದೆ. ಅದು ಆನ್ ಇದ್ದರೆ, ಶಟ್‌ಡೌನ್ ಕೊಟ್ಟಾಗ ನೀವು ತೆರೆದ ಪ್ರೋಗ್ರಾಮ್‌ಗಳು ಮುಚ್ಚುತ್ತವೆ ನಿಜ. ಆದರೆ ವಿಂಡೋಸ್‌ನ ಕರ್ನಲ್ (ಅದರ ತಿರುಳು ಭಾಗ) ಮತ್ತು ಡ್ರೈವರ್‌ಗಳ (ಪ್ರಿಂಟರ್‌ನಂಥ ಸಾಧನಗಳನ್ನು ನಡೆಸುವ ಸಣ್ಣ ಪ್ರೋಗ್ರಾಮ್‌ಗಳ) ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಅದನ್ನೇ ಎತ್ತಿಕೊಂಡು ಬೇಗ ಶುರುವಾಗುತ್ತದೆ. ಹಾಗಾಗಿ ನಿನ್ನೆ ತಲೆ ಕೆಟ್ಟಿದ್ದ ಪ್ರಿಂಟರ್ ಡ್ರೈವರ್ ಇವತ್ತೂ ಹಾಗೇ ಇರಬಹುದು. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲ ಹೊಸದಾಗಿ ಶುರು. ವಾರಕ್ಕೆ ಒಂದು ಸಲ ಸಾಕು. ನಾನು ವಾರದ ಕೊನೆಯ ದಿನ ಹೊರಡುವ ಮುಂಚೆ ಮಾಡುತ್ತೇನೆ, ಬಾಕಿ ಉಳಿದ ಅಪ್‌ಡೇಟ್‌ಗಳೂ ಅದರ ಜೊತೆಗೇ ಮುಗಿಯುತ್ತವೆ.

ಅನುಮಾನ ಇದ್ದರೆ ನೀವೇ ನೋಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಸಿಪಿಯು ಕ್ಲಿಕ್ ಮಾಡಿದರೆ ಕೆಳಗೆ 'ಅಪ್ ಟೈಮ್' ಅಂತ ಕಾಣುತ್ತದೆ. ದಿನಾ ಶಟ್‌ಡೌನ್ ಮಾಡುವವರ ಸಿಸ್ಟಮ್‌ನಲ್ಲೂ ಅಲ್ಲಿ ವಾರಗಟ್ಟಲೆ ಲೆಕ್ಕ ಇರುವುದನ್ನು ನೋಡಿದ್ದೇನೆ.

ಟಾಸ್ಕ್ ಮ್ಯಾನೇಜರ್ ತೆರೆದಿದ್ದೀರಲ್ಲ, ಮುಚ್ಚಬೇಡಿ. ಪ್ರೊಸೆಸಸ್ ಪಟ್ಟಿಯಲ್ಲಿ ಮೆಮೊರಿ ಅನ್ನುವ ತಲೆಬರಹ ಕ್ಲಿಕ್ ಮಾಡಿ. ಜಾಸ್ತಿ ತಿನ್ನುತ್ತಿರುವುದು ಮೇಲೆ ಬರುತ್ತದೆ. ಸಾಮಾನ್ಯವಾಗಿ ಅದು ಬ್ರೌಸರ್. ನಲವತ್ತು ಟ್ಯಾಬ್ ತೆರೆದಿಟ್ಟುಕೊಂಡು 'ಎಲ್ಲಾನೂ ಬೇಕು' ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ. ಕ್ರೋಮ್‌ನಲ್ಲಿ ಮೆಮೊರಿ ಸೇವರ್, ಎಡ್ಜ್‌ನಲ್ಲಿ ಸ್ಲೀಪಿಂಗ್ ಟ್ಯಾಬ್ಸ್ ಇವೆ. ಅವನ್ನು ಆನ್ ಮಾಡಿದರೆ ಮುಟ್ಟದೆ ಬಿಟ್ಟ ಟ್ಯಾಬ್‌ಗಳು ಮೆಮೊರಿ ಬಿಟ್ಟುಕೊಡುತ್ತವೆ. ಟ್ಯಾಬ್‌ಗಳು ಹಾಗೇ ಇರುತ್ತವೆ, ಜಗಳವೂ ಇಲ್ಲ.

ಅಲ್ಲೇ ಸ್ಟಾರ್ಟಪ್ ಆ್ಯಪ್ಸ್ ಅಂತ ಇನ್ನೊಂದು ಪಟ್ಟಿ ಇದೆ. ಸಿಸ್ಟಮ್ ಆನ್ ಆದ ತಕ್ಷಣ ಕೇಳದೆಯೇ ಎದ್ದು ಕೂರುವವರೆಲ್ಲ ಇಲ್ಲಿರುತ್ತಾರೆ. ಮೀಟಿಂಗ್ ಆ್ಯಪ್‌ಗಳು, ಹಾಡು ಕೇಳುವ ಆ್ಯಪ್, ಯಾವತ್ತೋ ಹಾಕಿದ ಪಿಡಿಎಫ್ ಸಾಫ್ಟ್‌ವೇರ್‌ನ ಅಪ್‌ಡೇಟರ್. ಬೇಡದ್ದರ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಕೊಡಿ. ಪ್ರೋಗ್ರಾಮ್ ಅಳಿಸಿಹೋಗುವುದಿಲ್ಲ, ನೀವು ತೆರೆದಾಗ ಮಾತ್ರ ಏಳುತ್ತದೆ. ಆ್ಯಂಟಿವೈರಸ್, ಆಡಿಯೋ, ಟಚ್‌ಪ್ಯಾಡ್, ಕಚೇರಿಯವರು ಹಾಕಿಕೊಟ್ಟ ಸಾಫ್ಟ್‌ವೇರ್ ಇವುಗಳ ತಂಟೆಗೆ ಹೋಗಬೇಡಿ.

ಇಷ್ಟೆಲ್ಲ ವಿಂಡೋಸ್‌ನಲ್ಲೇ ಇದೆ. ಆದರೆ ಹಿತ್ತಲ ಗಿಡ ಮದ್ದಲ್ಲ ನೋಡಿ, ಜನ 'ಪಿಸಿ ಕ್ಲೀನರ್', 'ಸ್ಪೀಡ್ ಬೂಸ್ಟರ್' ಹುಡುಕಿಕೊಂಡು ಹೋಗುತ್ತಾರೆ. ಅವುಗಳಲ್ಲಿ ಕೆಲವು ತಾವೇ ಸ್ಟಾರ್ಟಪ್ ಪಟ್ಟಿಯಲ್ಲಿ ಬಂದು ಕೂರುತ್ತವೆ. ರಿಜಿಸ್ಟ್ರಿ ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಜಾಗ. ಅದನ್ನು ಸ್ವಚ್ಛ ಮಾಡುತ್ತೇವೆ ಅನ್ನುವ ರಿಜಿಸ್ಟ್ರಿ ಕ್ಲೀನರ್‌ಗಳನ್ನಂತೂ ಮೈಕ್ರೋಸಾಫ್ಟ್ ಕಂಪನಿಯೇ ಬೆಂಬಲಿಸುವುದಿಲ್ಲ. ರಿಜಿಸ್ಟ್ರಿ ಕೆಟ್ಟರೆ ವಿಂಡೋಸ್ ಮರಳಿ ಹಾಕಬೇಕಾಗಬಹುದು. ಅಂಥ ಕ್ಲೀನರ್ ಹಾಕಿದ್ದರೆ ತೆಗೆದುಬಿಡಿ.

ಜಾಗ ಖಾಲಿ ಮಾಡುವುದಕ್ಕೂ ಬೇರೆ ಸಾಫ್ಟ್‌ವೇರ್ ಬೇಡ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್. ಅಲ್ಲಿ ಯಾವುದು ಎಷ್ಟು ಜಾಗ ಹಿಡಿದಿದೆ ಅಂತ ಬಣ್ಣದ ಪಟ್ಟಿಗಳಲ್ಲಿ ಕಾಣುತ್ತದೆ. ಟೆಂಪರರಿ ಫೈಲ್ಸ್ ತೆರೆದು ಅಳಿಸಬಹುದು. ಆದರೆ ಒಂದು ನಿಮಿಷ ನಿಲ್ಲಿ. ಆ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಅಂತಲೂ ಇರುತ್ತದೆ. ಅದಕ್ಕೆ ಟಿಕ್ ಹಾಕಿದರೆ ನಿಮ್ಮ ಡೌನ್‌ಲೋಡ್ಸ್ ಫೋಲ್ಡರ್ ಪೂರ್ತಿ ಹೋಗುತ್ತದೆ. ರೀಸೈಕಲ್ ಬಿನ್ ಕೂಡ ಅಲ್ಲೇ ಇದೆ. ರೀಸೈಕಲ್ ಬಿನ್‌ನಲ್ಲಿ ಬೇಕಾದ ಫೈಲ್ ಇಟ್ಟುಕೊಳ್ಳುವವರು ಇದ್ದಾರಾ ಅಂತ ನಗಬೇಡಿ. ಇದ್ದಾರೆ, ನಮ್ಮ ವಿಭಾಗದಲ್ಲೇ.

ಡಿಫ್ರ್ಯಾಗ್, ಅಂದರೆ ಡಿಸ್ಕ್‌ನಲ್ಲಿ ಚೂರುಚೂರಾಗಿ ಹರಡಿದ ಫೈಲ್‌ಗಳನ್ನು ಒಟ್ಟಿಗೆ ಜೋಡಿಸುವ ಕೆಲಸದ ಬಗ್ಗೆ ಈಗಲೂ ಕೇಳುತ್ತಾರೆ. ತಟ್ಟೆ ತಿರುಗುವ ಹಳೆಯ ಹಾರ್ಡ್ ಡಿಸ್ಕ್‌ಗೆ ಅದು ಬೇಕಿತ್ತು. ಈಗ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಎಸ್‌ಎಸ್‌ಡಿ, ತಿರುಗುವ ತಟ್ಟೆ ಇಲ್ಲದೆ ಚಿಪ್‌ಗಳಲ್ಲೇ ಬರೆದಿಡುವ ಡ್ರೈವ್. ವಿಂಡೋಸ್ ಅದನ್ನು ಗುರುತಿಸಿ, ವಾರಕ್ಕೊಮ್ಮೆ ತಾನೇ ಬೇಕಾದ ಕೆಲಸ ಮಾಡಿಕೊಳ್ಳುತ್ತದೆ. ನೀವು ಮಾಡಬೇಕಾದ್ದು ಡ್ರೈವ್ ಅಂಚಿನ ತನಕ ತುಂಬದಂತೆ ನೋಡಿಕೊಳ್ಳುವುದು ಮಾತ್ರ. ಪೂರ್ತಿ ತುಂಬಿದ ಎಸ್‌ಎಸ್‌ಡಿ ಬರೆಯುವುದರಲ್ಲಿ ನಿಧಾನವಾಗುತ್ತದೆ, ಅಪ್‌ಡೇಟ್‌ಗಳಿಗೂ ಜಾಗ ಸಿಗುವುದಿಲ್ಲ.

ಧೂಳಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಫ್ಯಾನ್ ಕಿಂಡಿಯಲ್ಲಿ ಧೂಳು ಕಟ್ಟಿದರೆ ಒಳಗೆ ಕಾವು ಏರುತ್ತದೆ. ಕಾವು ಏರಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಅದೂ 'ಸ್ಲೋ' ಆಗಿಯೇ ಕಾಣುತ್ತದೆ. ಸಿಸ್ಟಮ್ ಆಫ್ ಮಾಡಿ, ವೈರ್ ಕಿತ್ತು, ಗಾಳಿ ಊದುವ ಕ್ಯಾನ್‌ನಿಂದ ಸಣ್ಣ ಸಣ್ಣದಾಗಿ ಊದಿ. ಫ್ಯಾನ್ ರೆಕ್ಕೆ ಕಾಣುವಂತಿದ್ದರೆ ಅದು ಗಿರ್ರನೆ ತಿರುಗದಂತೆ ಹಿಡಿದುಕೊಳ್ಳಿ. ಸ್ಕ್ರೀನ್ ಮೇಲೆ ನೇರವಾಗಿ ಏನನ್ನೂ ಸ್ಪ್ರೇ ಮಾಡಬೇಡಿ. ಮೆತ್ತನೆ ಬಟ್ಟೆಗೆ ಸ್ವಲ್ಪ ನೀರು ಹಚ್ಚಿ ಒರೆಸಿದರೆ ಸಾಕು.

ಅಪ್‌ಡೇಟ್ ಅಂದರೆ ಎಲ್ಲರಿಗೂ ಬೇಜಾರು. ಕೆಲಸದ ಮಧ್ಯೆ ಬಂದು ಕಾಡುತ್ತದೆ, ಒಪ್ಪುತ್ತೇನೆ. ಆದರೆ 'ನಾಳೆ ನೋಡೋಣ' ಅಂತ ತಿಂಗಳುಗಟ್ಟಲೆ ತಳ್ಳಿದರೆ ಏನಾಗುತ್ತದೆ ಅನ್ನುವುದಕ್ಕೆ ವಾನ್ನಾಕ್ರೈ ಇದೆ. 2017ರ ಮೇ 12ರಂದು ಆ ವೈರಸ್ ಹಬ್ಬಿ ಜಗತ್ತಿನ ತುಂಬಾ ಕಂಪ್ಯೂಟರ್‌ಗಳಿಗೆ ಬೀಗ ಹಾಕಿತು. ಬ್ರಿಟನ್‌ನ ಆಸ್ಪತ್ರೆಗಳೂ ಅದರಲ್ಲಿ ಸಿಕ್ಕಿಬಿದ್ದವು. ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಎರಡು ತಿಂಗಳು ಹತ್ತಿರ ಸಮಯ ಇತ್ತು. ಹಾಗೆಯೇ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಸಿಸ್ಟಮ್ ಇನ್ನೂ ಅದರಲ್ಲೇ ಇದ್ದರೆ ಮುಂದೇನು ಅಂತ ಐಟಿಯವರನ್ನು ಈಗಲೇ ಕೇಳಿ.

ಇನ್ನು ನನ್ನ ಪ್ರೀತಿಯ ವಿಷಯ, ಎಕ್ಸೆಲ್.

ಎಕ್ಸೆಲ್‌ಗೆ ಒಂದು ಸ್ವಭಾವ ಇದೆ. ನೀವು ಕೊಟ್ಟದ್ದನ್ನು ಹಾಗೇ ಇಟ್ಟುಕೊಳ್ಳದೆ, 'ಇದು ಇದೇ ಇರಬೇಕು' ಅಂತ ತಾನೇ ಊಹಿಸುತ್ತದೆ. 007 ಅಂತ ಕೊಟ್ಟರೆ 7 ಮಾಡುತ್ತದೆ. 3-4 ಅಂತ ಕೊಟ್ಟರೆ ತಾರೀಖು ಮಾಡುತ್ತದೆ. ಸಂಖ್ಯೆಯಲ್ಲಿ ಅದು ನೆನಪಿಡುವುದು 15 ಅಂಕಿ ಮಾತ್ರ. 1234567890123456 ಅಂತ 16 ಅಂಕಿ ಟೈಪ್ ಮಾಡಿ ನೋಡಿ, ಕೊನೆಯ 6 ಹೋಗಿ 0 ಬಂದಿರುತ್ತದೆ. ಕಾರ್ಡ್ ನಂಬರ್, ಉದ್ದದ ಖಾತೆ ನಂಬರ್ ಹಾಳಾಗುವುದು ಹೀಗೇ. ಆಮೇಲೆ ಕಾಲಮ್ಮನ್ನು ಟೆಕ್ಸ್ಟ್ ಅಂತ ಬದಲಿಸಿದರೆ ಹೋದ ಅಂಕಿ ವಾಪಸ್ ಬರುವುದಿಲ್ಲ. ಪೇಸ್ಟ್ ಮಾಡುವ ಮುಂಚೆಯೇ ಕಾಲಮ್ ಆರಿಸಿ ಫಾರ್ಮ್ಯಾಟ್ ಟೆಕ್ಸ್ಟ್ ಮಾಡಿರಬೇಕು. ಒಂದೆರಡು ಸೆಲ್ ಮಾತ್ರ ಆದರೆ ಮುಂದೆ ಒಂದು ಅಪಾಸ್ಟ್ರಫಿ ಹಾಕಿ ಟೈಪ್ ಮಾಡಿ. ಸಿಎಸ್‌ವಿ ಫೈಲ್ (ಕಾಲಮ್‌ಗಳ ನಡುವೆ ಕಾಮಾ ಹಾಕಿದ ಬರೀ ಅಕ್ಷರದ ಫೈಲ್) ಬಂದರೆ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಡೇಟಾ ಮೆನುವಿನಲ್ಲಿ 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ' ಇದೆ. ಅಲ್ಲಿಂದ ತಂದರೆ ಯಾವ ಕಾಲಮ್ ಏನು ಅಂತ ನೀವೇ ಹೇಳಬಹುದು.

ನನ್ನಂಥವರಿಗೆ ಮಾತ್ರ ಈ ಕಾಟ ಅಂದುಕೊಳ್ಳಬೇಡಿ. ಮಾರ್ಚ್, ಸೆಪ್ಟ್ ಅಂತ ಶುರುವಾಗುವ ಹೆಸರಿನ ಜೀನ್‌ಗಳನ್ನು ಎಕ್ಸೆಲ್ ತಾರೀಖು ಮಾಡಿಬಿಡುತ್ತಿತ್ತು. ಕೊನೆಗೆ ಆ ಜೀನ್‌ಗಳ ಹೆಸರನ್ನೇ ಬದಲಿಸಿದರು. ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿ 2020ರಲ್ಲಿ ಅದಕ್ಕೆ ಹೊಸ ನಿಯಮವನ್ನೂ ಮಾಡಿತು. ಅದೇ ವರ್ಷ ಬ್ರಿಟನ್‌ನಲ್ಲಿ ಕೋವಿಡ್ ಪಾಸಿಟಿವ್ ಬಂದ 15,841 ಜನ ದಿನದ ಲೆಕ್ಕದಿಂದ ಬಿಟ್ಟುಹೋದರು. ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯ ಫೈಲ್ ಬಳಸಿದ್ದು ಕಾರಣ. ಅದರಲ್ಲಿ ಒಂದು ಶೀಟಿಗೆ 65,536 ಸಾಲು ಮಾತ್ರ ಹಿಡಿಯುತ್ತದೆ. ಹೊಸ ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ 10,48,576 ಸಾಲು. ನಿಮ್ಮಲ್ಲಿ ವರ್ಷಗಳಿಂದ ನಕಲು ಮಾಡಿಕೊಂಡು ಬಂದ ಹಳೆಯ ಮಾದರಿಯ ಫೈಲ್ ಇದೆಯಾ? ಇವತ್ತೇ ಎಫ್12 ಒತ್ತಿ ಹೊಸ ಮಾದರಿಯಲ್ಲಿ ಸೇವ್ ಮಾಡಿ.

ಫೈಲ್ ತೆರೆಯಲು ಯುಗ ಹಿಡಿಯುತ್ತಿದ್ದರೆ ಕಂಟ್ರೋಲ್ ಮತ್ತು ಎಂಡ್ ಒತ್ತಿ. ನಿಮ್ಮ ಲೆಕ್ಕ ಸಾಲು 300ಕ್ಕೆ ಮುಗಿದಿದ್ದರೂ ಕರ್ಸರ್ ಎಲ್ಲೋ ಐವತ್ತು ಸಾವಿರದಲ್ಲಿ ಹೋಗಿ ನಿಂತರೆ, ನಡುವಿನ ಖಾಲಿ ಸಾಲುಗಳಿಗೆ ಯಾರೋ ಬಣ್ಣ, ಗೆರೆ ಹಾಕಿಟ್ಟಿದ್ದಾರೆ ಅಂತ ಅರ್ಥ. ಆ ಸಾಲುಗಳನ್ನು ಆರಿಸಿ, ರೈಟ್ ಕ್ಲಿಕ್ ಮಾಡಿ ಡಿಲೀಟ್ ಕೊಟ್ಟು ಸೇವ್ ಮಾಡಿ. ಕೀಬೋರ್ಡಿನ ಡಿಲೀಟ್ ಕೀ ಒತ್ತಿದರೆ ಆಗುವುದಿಲ್ಲ, ಅದು ಅಕ್ಷರ ಮಾತ್ರ ಅಳಿಸುತ್ತದೆ. ಆಫ್‌ಸೆಟ್, ಇನ್‌ಡೈರೆಕ್ಟ್, ನೌ, ಟುಡೇ ಈ ಫಾರ್ಮುಲಾಗಳು ಎಲ್ಲೇ ಏನೇ ಬದಲಾದರೂ ಮತ್ತೆ ಲೆಕ್ಕ ಹಾಕುತ್ತವೆ. ಸಾವಿರಾರು ಸೆಲ್‌ಗಳಲ್ಲಿ ಇವು ಇದ್ದರೆ ಎಂಥ ಹೊಸ ಕಂಪ್ಯೂಟರ್ ಆದರೂ ಏದುಸಿರು ಬಿಡುತ್ತದೆ. ಇವತ್ತಿನ ತಾರೀಖು ಸುಮ್ನೆ ಹಾಕಬೇಕಿದ್ದರೆ ಕಂಟ್ರೋಲ್ ಜೊತೆ ಸೆಮಿಕೋಲನ್ ಒತ್ತಿ. ಅದು ನಾಳೆ ಬದಲಾಗುವುದೂ ಇಲ್ಲ.

ಪೂರ್ತಿ ಹೆಸರಿನಿಂದ ಮೊದಲ ಹೆಸರು ಬೇರೆ ಮಾಡಬೇಕಾ? ಪಕ್ಕದ ಕಾಲಮ್ಮಿನಲ್ಲಿ ಮೊದಲನೆಯದನ್ನು ಕೈಯಿಂದ ಬರೆದು, ಕೆಳಗಿನ ಸೆಲ್‌ಗೆ ಬಂದು ಕಂಟ್ರೋಲ್ ಇ ಒತ್ತಿ. ಫ್ಲ್ಯಾಶ್ ಫಿಲ್ ಉಳಿದದ್ದನ್ನು ತುಂಬುತ್ತದೆ. ಎಕ್ಸೆಲ್ 2013ರಿಂದ ಇದೆ. ಆದರೆ ಅದೂ ಊಹೆಯೇ. ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿ.

ಬೇರೆ ಶಾರ್ಟ್‌ಕಟ್‌ಗಳ ಉದ್ದ ಪಟ್ಟಿ ಕೊಟ್ಟರೆ ಯಾರೂ ನೆನಪಿಡುವುದಿಲ್ಲ. ಒಂದು ಕಲಿಯಿರಿ: ವಿಂಡೋಸ್ ಕೀ ಮತ್ತು ವಿ. ಮೊದಲ ಸಲ ಆನ್ ಮಾಡಬೇಕಾ ಅಂತ ಕೇಳುತ್ತದೆ. ಆಮೇಲೆ ನೀವು ಕಾಪಿ ಮಾಡಿದ ಕೊನೆಯ 25 ತುಣುಕುಗಳವರೆಗೆ ಅಲ್ಲಿ ಸಾಲಾಗಿ ಕಾಣುತ್ತವೆ, ಬೇಕಾದ್ದನ್ನು ಆರಿಸಿ ಪೇಸ್ಟ್ ಮಾಡಬಹುದು. ಎರಡು ಫೈಲ್ ನಡುವೆ ಓಡಾಡುವುದು ಅರ್ಧಕ್ಕರ್ಧ ತಪ್ಪುತ್ತದೆ. ಒಂದೇ ಎಚ್ಚರಿಕೆ, ಪಾಸ್‌ವರ್ಡ್ ಕಾಪಿ ಮಾಡಿದ್ದರೆ ಅದೂ ಅಲ್ಲೇ ಕೂತಿರಬಹುದು. ಅಳಿಸಿಬಿಡಿ. ಸೀಟು ಬಿಟ್ಟು ಏಳುವಾಗ ವಿಂಡೋಸ್ ಕೀ ಮತ್ತು ಎಲ್ ಒತ್ತಿ ಲಾಕ್ ಮಾಡುವುದನ್ನು ಬೆರಳಿಗೆ ರೂಢಿ ಮಾಡಿಸಿ.

ಬ್ಯಾಕಪ್ ಬಗ್ಗೆ ಕೇಳಿದರೆ 'ಕ್ಲೌಡ್‌ನಲ್ಲಿದೆ' ಅನ್ನುತ್ತಾರೆ. ಸಿಂಕ್ ಆಗುವ ಫೋಲ್ಡರ್, ಅಂದರೆ ನಿಮ್ಮ ಸಿಸ್ಟಮ್‌ನಲ್ಲೂ ಕ್ಲೌಡ್‌ನಲ್ಲೂ ತಾನಾಗೇ ಒಂದೇ ಥರ ಇರುವಂಥದ್ದು, ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಅಲ್ವಾ? ಆನ್‌ಲೈನ್ ಬಿನ್‌ನಲ್ಲಿ ಸ್ವಲ್ಪ ದಿನ ಇರುತ್ತದೆ, ಆಮೇಲೆ ಇಲ್ಲ. ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಪ್ರತಿ ಕಚೇರಿಯಿಂದ ಹೊರಗೆ, ಇದು ಹಳೆಯ ನಿಯಮ. ಕಚೇರಿ ಫೈಲ್‌ಗಳಾದರೆ ಹೊರಗಿನ ಪ್ರತಿ ಎಲ್ಲಿ ಅನ್ನುವುದನ್ನು ಕಚೇರಿಯೇ ಹೇಳಬೇಕು. ನಿಮ್ಮ ಸ್ವಂತ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಬೇಡಿ.

ಅದಕ್ಕಿಂತ ಮುಖ್ಯ, ಬ್ಯಾಕಪ್‌ನಿಂದ ಫೈಲ್ ವಾಪಸ್ ಬರುತ್ತದಾ ಅಂತ ನೋಡುವುದು. 2017ರ ಜನವರಿ 31ರಂದು ಸಾಫ್ಟ್‌ವೇರ್ ಬರೆಯುವವರು ತಮ್ಮ ಕೋಡ್ ಇಡುವ ತಾಣ ನಡೆಸುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಎಂಜಿನಿಯರ್ ಒಬ್ಬರು ಕೈತಪ್ಪಿ ಮುಖ್ಯ ಡೇಟಾಬೇಸ್ ಅಳಿಸಿದರು. ದಿನಾ ಆಗುತ್ತಿದೆ ಅಂದುಕೊಂಡಿದ್ದ ಬ್ಯಾಕಪ್ ನೋಡಿದರೆ ಖಾಲಿ. ಕೆಲಸ ಕೆಟ್ಟಿದೆ ಅಂತ ತಿಳಿಸಬೇಕಿದ್ದ ಇಮೇಲ್‌ಗಳೂ ಯಾರಿಗೂ ತಲುಪಿರಲಿಲ್ಲ. ಸುಮಾರು ಆರು ಗಂಟೆ ಹಿಂದೆ ತೆಗೆದಿಟ್ಟ ಒಂದು ಪ್ರತಿ ಸಿಕ್ಕಿದ್ದರಿಂದ ಬಚಾವಾದರು. ಕಂಪ್ಯೂಟರ್ ಬಲ್ಲವರ ಪಾಡೇ ಹೀಗಾದರೆ ನಮ್ಮದೇನು! ತಿಂಗಳಿಗೊಮ್ಮೆ ಯಾವುದಾದರೂ ಒಂದು ಹಳೆಯ ಫೈಲನ್ನು ಬ್ಯಾಕಪ್‌ನಿಂದ ತೆಗೆದು ತೆರೆದು ನೋಡಿ. ಐದು ನಿಮಿಷದ ಕೆಲಸ.

ಫೈಲ್ ಹೆಸರಿಗೆ 'ಫೈನಲ್', 'ಫೈನಲ್ ಹೊಸದು' ಅಂತ ಬಾಲ ಸೇರಿಸುವ ಬದಲು ಮುಂದೆ ತಾರೀಖು ಹಾಕಿ, ವರ್ಷ ಮೊದಲು: 2026-01-15. ಫೋಲ್ಡರ್‌ನಲ್ಲಿ ತಾನಾಗೇ ಸರಿಯಾದ ಸಾಲಿನಲ್ಲಿ ನಿಲ್ಲುತ್ತವೆ. ಎಕ್ಸೆಲ್ ಫೈಲನ್ನು ಸೇವ್ ಮಾಡದೆ ಮುಚ್ಚಿಬಿಟ್ಟರೆ ಅಳುವ ಮುಂಚೆ ಎಕ್ಸೆಲ್‌ನಲ್ಲೇ ಫೈಲ್, ಇನ್ಫೋ, ಮ್ಯಾನೇಜ್ ವರ್ಕ್‌ಬುಕ್ ನೋಡಿ, ಅಲ್ಲಿ 'ರಿಕವರ್ ಅನ್‌ಸೇವ್ಡ್' ಇರುತ್ತದೆ. ಆಪ್ಷನ್ಸ್‌ನ ಸೇವ್ ಭಾಗದಲ್ಲಿ ಆಟೋರಿಕವರ್ ಸಮಯ, ಅಂದರೆ ಎಷ್ಟು ಹೊತ್ತಿಗೊಮ್ಮೆ ತಾನೇ ಒಂದು ಪ್ರತಿ ಎತ್ತಿಡಬೇಕು ಅನ್ನುವುದು, ಮೊದಲಿಗೆ 10 ನಿಮಿಷ ಇರುತ್ತದೆ. ನಾನು 3ಕ್ಕೆ ಇಳಿಸಿಕೊಂಡಿದ್ದೇನೆ.

ಇಷ್ಟಾದರೂ ಸರಿಹೋಗದಿದ್ದರೆ ಐಟಿಯವರನ್ನು ಕರೆಯಲೇಬೇಕು. ಆಗ 'ಏನೋ ಎರರ್ ಬಂತು, ಓಕೆ ಒತ್ತಿದೆ, ಹೋಯ್ತು' ಅಂದರೆ ಅವರಿಗೂ ತಲೆಬುಡ ತಿಳಿಯುವುದಿಲ್ಲ. ಎರರ್ ಕಾಣುತ್ತಿದ್ದಂತೆ ವಿಂಡೋಸ್ ಕೀ, ಶಿಫ್ಟ್, ಎಸ್ ಒತ್ತಿ ಆ ಭಾಗದ ಚಿತ್ರ ಹಿಡಿಯಿರಿ. ಎಷ್ಟು ಗಂಟೆಗೆ ಬಂತು, ಆಗ ಏನು ಮಾಡುತ್ತಿದ್ದಿರಿ, ನಿಮಗೊಬ್ಬರಿಗೇ ಆಗಿದೆಯಾ ಪಕ್ಕದವರಿಗೂ ಆಗಿದೆಯಾ, ಹಿಂದಿನ ದಿನ ಹೊಸದಾಗಿ ಏನಾದರೂ ಹಾಕಿದ್ದಿರಾ, ಇಷ್ಟನ್ನು ಚಿತ್ರದ ಜೊತೆ ಬರೆದು ಕಳಿಸಿ. ರೀಸ್ಟಾರ್ಟ್ ಮಾಡಿ ನೋಡಿದ್ದೇವೆ ಅಂತಲೂ ಸೇರಿಸಿ, ಅವರು ಕೇಳುವ ಮೊದಲ ಪ್ರಶ್ನೆಯೂ ಅದೇ.