ರಾತ್ರಿ ಎರಡು ಗಂಟೆಯ ಮೀಟರ್

ಪುಣೆಯ ಬಾಣೇರ್‌ನಲ್ಲಿ ಏಳು ಮಹಡಿಯ ಒಂದು ಆಫೀಸ್ ಕಟ್ಟಡ ನೋಡಿಕೊಳ್ಳುತ್ತೇನೆ. ಎಲ್ಲ ಮಹಡಿಗಳೂ ಬಾಡಿಗೆಗೆ ಹೋಗಿವೆ, ದಿನಕ್ಕೆ ಸುಮಾರು 600 ಜನ ಬರುತ್ತಾರೆ. ಯಜಮಾನರು ಕುಂದಾಪುರದ ಕಡೆಯವರು, ಹೋಟೆಲ್ ನಡೆಸಿ ಮೇಲೆ ಬಂದವರು. ಒಂದು ದಿನ ಕರೆದು, "ಈಗ ಬರುವ ಕಂಪನಿಯವರೆಲ್ಲ ಗ್ರೀನ್ ಬಿಲ್ಡಿಂಗ್ ಹೌದಾ ಅಂತ ಕೇಳ್ತಾರೆ. ಟೆರೇಸಿಗೆ ಸೋಲಾರ್ ಹಾಕಿಸಿಬಿಡುವ ಮಾರಾಯ್ರೇ" ಅಂದರು.

ಟೇಪ್ ಹಿಡಿದು ಟೆರೇಸ್ ಅಳೆದೆ. ಎಸಿಯ ಶಾಖ ಹೊರಗೆ ಬಿಡುವ ಕೂಲಿಂಗ್ ಟವರ್, ನೀರಿನ ಟ್ಯಾಂಕ್, ಲಿಫ್ಟ್ ರೂಮು, ಅವುಗಳ ನೆರಳು ಎಲ್ಲ ಬಿಟ್ಟರೆ ಉಳಿದದ್ದು 3,000 ಚದರ ಅಡಿ. ಒಂದು ಕಿಲೋವ್ಯಾಟ್‌ಗೆ ಹೆಚ್ಚುಕಡಿಮೆ 100 ಚದರ ಅಡಿ ಬೇಕು, ಅದು ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಅಲ್ಲಿಗೆ 30 ಕಿಲೋವ್ಯಾಟ್, 120 ಯೂನಿಟ್. ಕಟ್ಟಡಕ್ಕೆ ದಿನವೂ ಬೇಕಾಗುತ್ತಿದ್ದದ್ದು ಸುಮಾರು 2,800 ಯೂನಿಟ್. ಸೋಲಾರ್ ಬೇಡ ಅನ್ನಲಿಲ್ಲ. ಮೊದಲು ಪ್ರತಿ ಮಹಡಿಗೂ ಬೇರೆ ಮೀಟರ್ ಹಾಕಿಸಿಕೊಡಿ, ಮೂರು ತಿಂಗಳು ಸಮಯ ಕೊಡಿ ಅಂತ ಕೇಳಿದೆ. ಒಪ್ಪಿದರು.

ಮೀಟರ್ ಬಂದ ವಾರವೇ ಒಂದು ರಾತ್ರಿ ಎರಡು ಗಂಟೆಗೆ ಹೋಗಿ ನಿಂತೆ. ಹಗಲು ನೋಡಿದರೆ ಏನೂ ತಿಳಿಯುವುದಿಲ್ಲ, ಎಲ್ಲವೂ ಓಡುತ್ತಿರುತ್ತದೆ. ಜನ ಇಲ್ಲದಾಗ ಎಷ್ಟು ಓಡುತ್ತಿದೆ ಅನ್ನುವುದರಲ್ಲೇ ಕಟ್ಟಡದ ನಿಜ ಗೊತ್ತಾಗುತ್ತದೆ. ಸರ್ವರ್, ಕಾರಿಡಾರ್ ದೀಪ, ಪಾರ್ಕಿಂಗ್ ಎಲ್ಲ ಸೇರಿ 25 ಕಿಲೋವ್ಯಾಟ್ ದಾಟಬಾರದಿತ್ತು. 55 ಇತ್ತು. ಒಂದೊಂದೇ ಮಹಡಿ ಹತ್ತಿ ನೋಡಿದೆ. ಮೂರನೇ ಮಹಡಿಯಲ್ಲಿ ಇಬ್ಬರು ರಾತ್ರಿ ಪಾಳಿಯವರು ಒಂದು ಚಿಕ್ಕ ರೂಮಿನಲ್ಲಿ ಕೂತಿದ್ದರು, ಅವರಿಬ್ಬರಿಗಾಗಿ ಕೆಳಗೆ ಚಿಲ್ಲರ್, ಅಂದರೆ ಎಸಿಗೆ ನೀರು ತಣ್ಣಗೆ ಮಾಡಿ ಕೊಡುವ ದೊಡ್ಡ ಯಂತ್ರ, ಓಡುತ್ತಿತ್ತು. ಐದನೆಯದರಲ್ಲಿ ಯಾರೂ ಇಲ್ಲ, ಆದರೆ ಗಾಳಿ ತಳ್ಳುವ ದೊಡ್ಡ ಫ್ಯಾನು, ನಾವು ಎಎಚ್‌ಯು ಅನ್ನುತ್ತೇವಲ್ಲ ಅದು, ಪೂರಾ ವೇಗದಲ್ಲಿ ತಿರುಗುತ್ತಿತ್ತು. ಯಾವಾಗಲೋ ರಿಪೇರಿ ಮಾಡಿದವರು ಮ್ಯಾನ್ಯುಯಲ್‌ಗೆ ಹಾಕಿದ್ದನ್ನು ಯಾರೂ ವಾಪಸ್ ಆಟೋಗೆ ತಿರುಗಿಸಿರಲಿಲ್ಲ. ವಾಚ್‌ಮನ್ ವಿಜಯಪುರದವರು. ಕೇಳಿದೆ. "ಬಂದ್ ಮಾಡ್ರಿ ಅಂತ ಯಾರೂ ಹೇಳಿಲ್ರೀ ಸಾಹೇಬ್ರ. ಮುಟ್ಟಿದ್ರ ಬೈತಾರ" ಅಂದರು. ಅವರ ಮಾತು ಸರಿ ಅಲ್ವಾ? ಅಧಿಕಾರ ಕೊಡದೆ ಜವಾಬ್ದಾರಿ ಕೇಳಿದರೆ ಹೇಗೆ?

ಜಾಸ್ತಿ ಹೋಗುತ್ತಿದ್ದ 30 ಕಿಲೋವ್ಯಾಟ್, ರಾತ್ರಿಯ ಹತ್ತು ತಾಸಿನಲ್ಲಿ 300 ಯೂನಿಟ್. ಸೋಲಾರ್ ಇಡೀ ದಿನ ಕೊಡುವುದರ ಎರಡೂವರೆ ಪಟ್ಟು. ಆ ರೂಮಿಗೆ ಒಂದು ಸ್ಪ್ಲಿಟ್ ಎಸಿ, ಫ್ಯಾನುಗಳಿಗೆ ಟೈಮರ್, ವಾಚ್‌ಮನ್ ಕೈಗೆ ಏನೇನು ಬಂದ್ ಮಾಡಬಹುದು ಅಂತ ನನ್ನ ಸಹಿ ಹಾಕಿದ ಪಟ್ಟಿ. ಇಷ್ಟೇ ಮಾಡಿದ್ದು.

ಆಮೇಲೆ ಎಸಿ ಉಷ್ಣತೆ. 21 ಡಿಗ್ರಿಗೆ ಇಟ್ಟಿದ್ದರು. ಒಂದು ಡಿಗ್ರಿ ಏರಿಸಿದರೆ ಸುಮಾರು 6% ವಿದ್ಯುತ್ ಉಳಿಯುತ್ತದೆ ಅಂತ ಕೇಂದ್ರ ಸರ್ಕಾರದ ವಿದ್ಯುತ್ ಉಳಿತಾಯದ ಸಂಸ್ಥೆ ಬಿಇಇ ಹೇಳುತ್ತದೆ, ರೂಮ್ ಎಸಿಗಳಿಗೆ 2020ರಿಂದ 24 ಡಿಗ್ರಿಯನ್ನೇ ಡೀಫಾಲ್ಟ್ ಮಾಡಿದ್ದಾರೆ. ಆದರೆ ಸುಮ್ನೆ ಏರಿಸಿದ್ದರೆ ಗಲಾಟೆ ಆಗುತ್ತಿತ್ತು. ಯಾರಿಗೆ ಚಳಿ, ಯಾರಿಗೆ ಸೆಖೆ ಅಂತ ಮೇಜು ಮೇಜಿಗೂ ಹೋಗಿ ಕೇಳಿದೆ. ಗಾಳಿ ನೇರ ತಲೆಗೆ ಬೀಳುವ ಜಾಗದಲ್ಲಿ ಹೆಣ್ಣುಮಕ್ಕಳು ಶಾಲು ಹೊದ್ದು ಕೂತಿದ್ದರು, ಗಾಜಿನ ಪಕ್ಕದವರು ಬೆವರುತ್ತಿದ್ದರು. ಮೊದಲು ಎಸಿ ಗಾಳಿ ಬರುವ ಗ್ರಿಲ್‌ಗಳ ದಿಕ್ಕು ಸರಿಮಾಡಿದೆವು, ಆಮೇಲೆ ವಾರಕ್ಕೆ ಅರ್ಧ ಡಿಗ್ರಿಯಂತೆ 24ಕ್ಕೆ ತಂದೆವು. ದೂರು ಕಡಿಮೆಯೇ ಆಯಿತು.

ನಿಜವಾದ ತೊಡಕು ಬಂದದ್ದು ವಿಎಫ್‌ಡಿ ಹಾಕುವಾಗ. ಅದು ಫ್ಯಾನಿನ ವೇಗ ಇಳಿಸುವ ಸಾಧನ. ವೇಗ 80%ಗೆ ಇಳಿದರೆ ಲೆಕ್ಕದ ಪ್ರಕಾರ ಫ್ಯಾನಿನ ವಿದ್ಯುತ್ ಅರ್ಧಕ್ಕೆ ಬರುತ್ತದೆ. ಯಜಮಾನರು ಕೊಟೇಶನ್ ನೋಡಿ, "ಖರ್ಚು ನನ್ನದು, ಬಿಲ್ ಉಳಿಯುವುದು ಬಾಡಿಗೆಯವರಿಗೆ. ಇದು ಯಾವ ನ್ಯಾಯ?" ಅಂದರು. ಬಾಡಿಗೆ ಕಟ್ಟಡಗಳಲ್ಲಿ ಕೆಲಸ ನಿಲ್ಲುವುದೇ ಇಲ್ಲಿ, ಯಂತ್ರ ಸಿಗದೆ ಅಲ್ಲ. ಹಾಗಾಗಿ ಬಾಡಿಗೆಯ ಕರಾರಿಗೇ, ಇಲ್ಲಿ ಲೀವ್ ಅಂಡ್ ಲೈಸೆನ್ಸ್ ಅನ್ನುತ್ತಾರೆ, ಕೈ ಹಾಕಿದೆವು. ಉಪಕರಣದ ದುಡ್ಡು ಯಜಮಾನರು ಹಾಕುತ್ತಾರೆ; ಮೀಟರ್ ತೋರಿಸುವ ಉಳಿತಾಯದಲ್ಲಿ ಮುಕ್ಕಾಲು ಪಾಲು ಆ ದುಡ್ಡು ತೀರುವವರೆಗೆ ಅವರಿಗೆ, ಕಾಲು ಪಾಲು ಬಾಡಿಗೆಯವರಿಗೆ; ತೀರಿದ ಮೇಲೆ ಪೂರ್ತಿ ಬಾಡಿಗೆಯವರಿಗೆ. ಪ್ರತಿ ತಿಂಗಳ ರೀಡಿಂಗ್ ಇಬ್ಬರ ಕೈಗೂ ಸಿಗಬೇಕು. ಕರಾರು ಹೊಸದಾಗುವಾಗ ಒಂದೊಂದೇ ಮಹಡಿ ಒಪ್ಪಿತು.

ನೀರಿನ ವಿಷಯದಲ್ಲಿ ನಾನು ಎಡವಿದೆ. ಬೇಸಿಗೆಯಲ್ಲಿ ಟ್ಯಾಂಕರ್ ಕಡಿಮೆ ಮಾಡಬೇಕು ಅನ್ನುವ ಆತುರದಲ್ಲಿ ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರಿನ ಘಟಕದಲ್ಲಿ, ಶುದ್ಧ ಮಾಡಿದ ನೀರನ್ನು ಗಡಸುತನ ಪರೀಕ್ಷಿಸದೆ ಕೂಲಿಂಗ್ ಟವರ್‌ಗೆ ಬಿಟ್ಟೆ. ಕೆಲವೇ ತಿಂಗಳಲ್ಲಿ ಚಿಲ್ಲರ್‌ನ ಕೊಳವೆಗಳ ಒಳಗೆ ಬಿಳಿ ಪದರ ಕಟ್ಟಿತು, ಶಾಖ ಹೊರಗೆ ಹೋಗದೆ ಯಂತ್ರ ಜಾಸ್ತಿ ವಿದ್ಯುತ್ ಎಳೆಯತೊಡಗಿತು. ಫ್ಯಾನಿನಲ್ಲಿ ಉಳಿಸಿದ್ದನ್ನು ಅಲ್ಲಿ ಕಳೆದೆ. ಕೊಳವೆ ತೊಳೆಸಿ, ಗಡಸುತನ ತೆಗೆಯುವ ಸಾಫ್ಟ್ನರ್ ಕೂರಿಸಿದ ಮೇಲೆ ಸರಿಹೋಯಿತು. ಫ್ಲಶ್‌ಗೆ ಮಾತ್ರ ಅದೇ ನೀರು ಮೊದಲಿನಿಂದಲೂ ತೊಂದರೆ ಇಲ್ಲದೆ ನಡೆದಿದೆ.

ಸೋಲಾರ್ ಕೊನೆಗೆ ಹಾಕಿಸಿದೆವು, ಅದೇ 30 ಕಿಲೋವ್ಯಾಟ್. ಎರಡು ಗಂಟೆಯ ರೀಡಿಂಗನ್ನು ವಾಚ್‌ಮನ್ ದಿನವೂ ರಿಜಿಸ್ಟರ್‌ನಲ್ಲಿ ಬರೆಯುತ್ತಾರೆ. ನಿನ್ನೆ ರಾತ್ರಿ 24 ಕಿಲೋವ್ಯಾಟ್ ಇತ್ತು. ಆರನೇ ಮಹಡಿಯವರು ಮಾತ್ರ ಇನ್ನೂ ಹಳೆಯ ಕರಾರಿನಲ್ಲೇ ಇದ್ದಾರೆ. ಅದು ಬರುವ ಮಾರ್ಚ್‌ಗೆ ಮುಗಿಯುತ್ತದೆ, ಹೊಸದರ ಕರಡು ಈಗಲೇ ಬರೆದು ಯಜಮಾನರ ಮೇಜಿನ ಮೇಲೆ ಇಟ್ಟಿದ್ದೇನೆ.