ಮಗುವಿಗೆ ತೊಟ್ಟಿಲು ಆರಿಸಿದ್ದು ಹೀಗೆ

ನಾನು ಬಾಣಂತನಕ್ಕೆ ಧಾರವಾಡಕ್ಕೆ ಬರುವ ಮೊದಲೇ ಮನೆಯಲ್ಲಿ ಮೂರು ಉಯ್ಯಾಲೆಗಳ ಮಾತು ನಡೆದಿತ್ತು. ಅವ್ವನಿಗೆ ಸೀರೆಯ ಜೋಲಿಯೇ ಆಗಬೇಕು. ಅತ್ತೆಯವರು ತಮ್ಮ ಮನೆಯ ಹಳೇ ಕಲಘಟಗಿ ತೊಟ್ಟಿಲು ಕಳಿಸಲು ಸಿದ್ಧರಿದ್ದರು. ಅಮೆರಿಕದಲ್ಲಿರುವ ನಾದಿನಿ ತನ್ನ ಮಗಳ ಬ್ಯಾಟರಿ ಉಯ್ಯಾಲೆ, ಅಂದರೆ ಮಗುವನ್ನು ಓರೆಯಾಗಿ ಒರಗಿಸಿ ತಾನೇ ತೂಗುವಂಥದ್ದು, ತರುತ್ತೇನೆ ಎಂದಳು. ಮೂರನ್ನೂ ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದೆ. ಅದರಲ್ಲಿ ಮಗು ನಿದ್ದೆ ಹೋದರೆ ಬೆನ್ನು ಸಮತಟ್ಟಾಗಿ ಇರುತ್ತದಾ?

ಎಳೆ ಮಗುವಿಗೆ ತಲೆ ಭಾರ, ಕತ್ತಿನಲ್ಲಿ ಶಕ್ತಿ ಇಲ್ಲ. ಓರೆಯಾಗಿ ಒರಗಿಸಿದರೆ ಗದ್ದ ಎದೆಗೆ ಬೀಳುತ್ತದೆ. ಆಗ ಉಸಿರಿನ ದಾರಿ ಮಡಿಚಿದ ಪೈಪಿನ ಹಾಗೆ ಮುಚ್ಚಿಕೊಳ್ಳಬಹುದು. ಸದ್ದೇ ಆಗುವುದಿಲ್ಲ. ಪಕ್ಕದಲ್ಲೇ ಕೂತವರಿಗೂ ಮಗು ಹಾಯಾಗಿ ಮಲಗಿದೆ ಅಂತಲೇ ಅನಿಸುತ್ತದೆ. ನನಗೆ ಭಯ ಇದ್ದದ್ದು ಇದರದ್ದೇ.

ನಾದಿನಿ ಕೇಳಿದಳು ಅಂತ ಅಲ್ಲಿನ ಸುದ್ದಿ ಹುಡುಕಿ ಓದಿದೆ. 2019ರ ಏಪ್ರಿಲ್‌ನಲ್ಲಿ ಫಿಶರ್-ಪ್ರೈಸ್ ಕಂಪನಿ ತನ್ನ 'ರಾಕ್ ಎನ್ ಪ್ಲೇ' ಎಂಬ ಓರೆ ಹಾಸಿಗೆಗಳನ್ನು ಹಿಂದಕ್ಕೆ ಕರೆಸಿತ್ತು. ಸುಮಾರು 47 ಲಕ್ಷ. ಅಷ್ಟರಲ್ಲಿ 30ಕ್ಕೂ ಹೆಚ್ಚು ಮಕ್ಕಳ ಸಾವು ವರದಿಯಾಗಿತ್ತು. 10 ಡಿಗ್ರಿಗಿಂತ ಜಾಸ್ತಿ ಓರೆ ಇರುವ ಮಲಗಿಸುವ ಸಾಮಾನುಗಳನ್ನು 2022ರಲ್ಲಿ ಅಲ್ಲಿ ಕಾನೂನೇ ಮಾಡಿ ನಿಷೇಧಿಸಿದರು. 2024ರ ಅಕ್ಟೋಬರ್‌ನಲ್ಲಿ ಅದೇ ಕಂಪನಿಯ 'ಸ್ನೂಗಾ' ಉಯ್ಯಾಲೆಗಳ ಸರದಿ. ಅದರಲ್ಲಿ ನಿದ್ದೆ ಮಾಡಿಸಿದ್ದಾಗ 5 ಮಕ್ಕಳು ತೀರಿಕೊಂಡಿದ್ದವು. ನಾದಿನಿಗೆ ಇದನ್ನೆಲ್ಲ ತಿಳಿಸಿ, ತರುವುದು ಬೇಡ ಅಂದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ.

ಅವ್ವನನ್ನು ಒಪ್ಪಿಸುವುದು ಕಷ್ಟವಾಯಿತು. "ನೀನೂ ಸೀರಿ ಜೋಲಿಯೊಳಗ ಬೆಳದಾಕಿ ಅಲ್ಲೇನು?" ಅಂದಳು. ನಿಜ. ಆದರೆ ಸೀರೆಯಲ್ಲಿ ಮಗುವಿನ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಬಟ್ಟೆ ಎರಡೂ ಕಡೆಯಿಂದ ಮುಖಕ್ಕೆ ಬರುತ್ತದೆ. ಮನೆಯಲ್ಲಿ ಅಕ್ಕನ ನಾಲ್ಕು ವರ್ಷದ ಮಗ ಬೇರೆ ಇದ್ದ. ದೊಡ್ಡ ಮಕ್ಕಳು ಜೋಲಿಯನ್ನು ತಿರುಚಿ ಆಡುವಾಗ ಕುತ್ತಿಗೆಗೆ ಬಿಗಿದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ಒಂದು ಗೊಂಬೆಯನ್ನು ಸೀರೆಯಲ್ಲಿ ಮಲಗಿಸಿ ತೋರಿಸಿದೆ. ಅದರ ಮೂಗಿನ ಮೇಲೆ ಸೆರಗು ಬಿದ್ದಿದ್ದನ್ನು ನೋಡಿ ಅವ್ವ ಸುಮ್ಮನಾದಳು.

ಉಳಿದದ್ದು ಕಲಘಟಗಿ ತೊಟ್ಟಿಲು. ಅರಗಿನ ಬಣ್ಣ, ಬದಿಗೆ ಕೃಷ್ಣನ ಚಿತ್ರ, ನೋಡಲು ಬಲು ಚೆಂದ. ನನಗೆ ಮುಖ್ಯವಾದದ್ದು ಅದರ ಹಲಗೆಯ ತಳ. ತೂಗುಹಾಕಿದ ಮೇಲೆ ಮೊಬೈಲಿನ ಮಟ್ಟ ನೋಡುವ ಆ್ಯಪ್ ತೆರೆದು ಹಲಗೆಯ ಮೇಲಿಟ್ಟೆ. ತಲೆಯ ಕಡೆ ಎತ್ತರ ತೋರಿಸಿತು. ಒಂದು ಸರಪಳಿಯ ಕೊಂಡಿ ಬದಲಿಸಿ ಸರಿ ಮಾಡಿಸಿದೆವು. ಸರಳುಗಳ ಸಂದು 6 ಸೆಂಟಿಮೀಟರಿಗಿಂತ ಕಡಿಮೆ ಇದೆಯೇ ಅಂತ ಅಳೆದೆ. ಅದಕ್ಕಿಂತ ಅಗಲವಿದ್ದರೆ ಮೈ ಜಾರಿ ತಲೆ ಸಿಕ್ಕಿಕೊಳ್ಳಬಹುದು. ಜಂತಿಯ ಕೊಕ್ಕೆಗೆ 25 ಕಿಲೋದ ಅಕ್ಕಿ ಚೀಲ ಕಟ್ಟಿ ರಾತ್ರಿಯಿಡೀ ಬಿಟ್ಟೆವು. ತೊಟ್ಟಿಲನ್ನು ನೆಲದಿಂದ ಒಂದು ಗೇಣು ಎತ್ತರದಲ್ಲಷ್ಟೇ ಕಟ್ಟಿ, ಕೆಳಗೆ ಜಮಖಾನ ಹಾಸಿದೆವು.

ಒಳಗೆ ತಳಕ್ಕೆ ಸರಿಯಾಗಿ ಕೂರುವ ತೆಳುವಾದ ಗಟ್ಟಿ ಹಾಸಿಗೆ, ಬಿಗಿಯಾಗಿ ಹಾಸಿದ ಬಟ್ಟೆ. ಅಷ್ಟೇ. ತಲೆ ದುಂಡಗಾಗಲಿ ಅಂತ ಅಜ್ಜಿ ಹೊಲಿದಿದ್ದ ಸಾಸಿವೆ ದಿಂಬನ್ನೂ ಇಡಲಿಲ್ಲ. ಪ್ರತಿ ಸಲ ಅಂಗಾತ ಮಲಗಿಸುತ್ತಿದ್ದೆವು. ಮೆಲ್ಲಗೆ ತೂಗಬೇಕು, ಯಾರಾದರೂ ದೊಡ್ಡವರು ಕೋಣೆಯಲ್ಲಿ ಇರಬೇಕು ಅಂತ ಎಲ್ಲರಿಗೂ ಹೇಳಿಟ್ಟಿದ್ದೆ.

ಮಗಳು ಮಗ್ಗುಲಾಗಲು ಶುರು ಮಾಡಿದ ವಾರವೇ ತೊಟ್ಟಿಲು ಇಳಿಸಿದೆವು. ಮಗು ಒಂದು ಬದಿಗೆ ಸರಿದರೆ ತೂಗು ತೊಟ್ಟಿಲು ಆ ಕಡೆಗೇ ವಾಲುತ್ತದೆ, ಬೋರಲಾದರೆ ಮುಖ ಮೂಲೆಗೆ ಒತ್ತಿಕೊಳ್ಳುತ್ತದೆ. ಇನ್ನೂ ಸ್ವಲ್ಪ ದಿನ ಇರಲಿ ಅಂತ ಅತ್ತೆ ಕೇಳಿದರು. ನಾನು ಒಪ್ಪಲಿಲ್ಲ.